ಚೀಟಿಯಲ್ಲಿ ಒಬ್ಬರದೇ ಹೆಸರು

ಮಕ್ಕಳೇ, ಬ್ಯಾಂಕಿಗೆ ಕಂಪ್ಯೂಟರ್ ಬರುವ ಮೊದಲು ಹಣ ತೆಗೆಯಲು ಬಂದವರಿಗೆ ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಅವರ ಚೆಕ್ಕು ಗುಮಾಸ್ತರ ಮೇಜಿನಿಂದ ಅಧಿಕಾರಿಗೆ, ಅಲ್ಲಿಂದ ಕ್ಯಾಶಿಯರ್ ಕೈಗೆ. ಎಲ್ಲಿ ನಿಂತಿದೆ ಎಂದು ತಲೆಯೆತ್ತಿದರೆ ಕಾಣುತ್ತಿತ್ತು.

2011ರಲ್ಲಿ ಬಂದ ಟ್ರೆಲ್ಲೊ ಎಂಬ ಆನ್‌ಲೈನ್ ಬೋರ್ಡೂ ಹಾಗೆಯೇ. ‘ಮಾಡಬೇಕು’, ‘ಮಾಡುತ್ತಿದ್ದೇವೆ’, ‘ಮುಗಿಯಿತು’ ಎಂದು ಮೂರು ಮನೆ. ಕೆಲಸಕ್ಕೊಂದು ಚೀಟಿ, ಕೆಲಸ ಸಾಗಿದಂತೆ ಅದನ್ನು ಬೆರಳಿನಿಂದ ಮುಂದಿನ ಮನೆಗೆ ಸರಿಸುವುದು. ಜಪಾನಿನ ಟೊಯೊಟಾ ಕಾರ್ಖಾನೆಯಲ್ಲಿ ‘ಕಾನ್‌ಬಾನ್’ ಎಂಬ ಚೀಟಿಗಳಿಂದ ಬೆಳೆದ ಪದ್ಧತಿಯಿದು.

ಕುಂಬ್ರದಲ್ಲಿ ಇದೆಲ್ಲ ಯಾಕೆ ಎನ್ನಬೇಡಿ. ಅಜ್ಜಿ ಇಲ್ಲಿ, ಮಗ ಪುತ್ತೂರಿನಲ್ಲಿ, ಮಗಳು ಮಂಗಳೂರಿನಲ್ಲಿ, ಮೊಮ್ಮಗ ಬೆಂಗಳೂರಿನಲ್ಲಿ. ‘ಬಿಪಿ ಮಾತ್ರೆ ಮುಗಿಯುತ್ತಾ ಬಂತು’ ಎಂದು ವಾಟ್ಸಾಪಿನಲ್ಲಿ ಹಾಕಿದರೆ ಐದು ಹೆಬ್ಬೆರಳು ಬರುತ್ತವೆ, ಮಾತ್ರೆ ಬರುವುದಿಲ್ಲ! ಇನ್ನೊಬ್ಬರು ತರುತ್ತಾರೆ ಎಂದು ಎಲ್ಲರಿಗೂ ಧೈರ್ಯ. ಬೋರ್ಡಿನ ಚೀಟಿಗೆ ಒಬ್ಬರ ಹೆಸರು, ಒಂದು ತಾರೀಖು ಹಾಕಿ. ‘ಎಲ್ಲರೂ’ ಎಂದು ಬರೆಯಲೇಬೇಡಿ. ಅಂಗಡಿಗೆ ಹೊರಟಾಗ ಅಲ್ಲ, ಮಾತ್ರೆ ಅಜ್ಜಿಯ ಕೈ ಸೇರಿದಾಗ ಚೀಟಿ ‘ಮುಗಿಯಿತು’ ಮನೆಗೆ ಹೋಗಲಿ.

ಮಳೆಗಾಲದಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಮನೆ ಗೀಚಿದರೂ ಸಾಕು. ಚೀಟಿ ಸರಿಸುವ ಅಧಿಕಾರ ಮಾತ್ರ ಅಜ್ಜಿಗೇ ಇರಲಿ.