ಹಡಗು ಬಿಟ್ಟು ಗದ್ದೆಗೆ ಬಂದ ಅಡ್ಮಿರಲ್

ಎರಡು ದಿನದಿಂದ ಮಳೆ ಬಿಟ್ಟಿಲ್ಲ, ಗದ್ದೆಗೆ ಇಳಿಯೋ ಹಾಗಿಲ್ಲ. ಬರೀಬೇಕು ಅಂತ ಬಹಳ ದಿನದಿಂದ ಇದ್ದದ್ದನ್ನ ಇವತ್ತು ಬರೀತಿದ್ದೇನೆ. ಸ್ವಲ್ಪ ಉದ್ದ ಆಗ್ಬಹುದು.

ಅಡ್ಮಿರಲ್ ಎಲ್. ರಾಮದಾಸ್ 2024ರ ಮಾರ್ಚ್ 15ಕ್ಕೆ ತೀರಿಕೊಂಡರು, 90 ವರ್ಷ. 1971ರ ಯುದ್ಧದಲ್ಲಿ ಐಎನ್ಎಸ್ ಬಿಯಾಸ್ ಹಡಗು ಇವರ ಕೈಯಲ್ಲಿತ್ತು. ಬಂಗಾಳ ಕೊಲ್ಲಿಯಲ್ಲಿ ಪೂರ್ವ ಪಾಕಿಸ್ತಾನದ ಸಮುದ್ರದ ದಾರಿ ಮುಚ್ಚಿದ ಹಡಗುಗಳಲ್ಲಿ ಅದೂ ಒಂದು. ವೀರ ಚಕ್ರ ಬಂತು. 1990ರಿಂದ 93ರವರೆಗೆ ಇಡೀ ನೌಕಾಪಡೆಯ ಮುಖ್ಯಸ್ಥರು. ಇಷ್ಟು ಪೇಪರಿನಲ್ಲೇ ಬಂದಿತ್ತು.

ನನಗೆ ಮುಖ್ಯ ಅನ್ಸಿದ್ದು ಆಮೇಲಿನ ಮೂವತ್ತು ವರ್ಷ. ನಿವೃತ್ತಿ ಆದ್ಮೇಲೆ ಹೆಂಡತಿ ಲಲಿತಾ ಜೊತೆ ಅಲಿಬಾಗ್ ಹತ್ರ ಭಾಯಮಳಾ ಅನ್ನೋ ಹಳ್ಳಿಗೆ ಬಂದು ಸಾವಯವ ಕೃಷಿಗೆ ಇಳಿದರು. ಅದೇ ರಾಯಗಡ ಜಿಲ್ಲೆಯ ಪೇಣ್, ಉರಣ್, ಪನ್ವೇಲ್ ತಾಲೂಕಿನಲ್ಲಿ ಮಹಾಮುಂಬೈ ಸೆಜ್ ಅಂತ ಒಂದು ಬಂತು. ಭತ್ತದ ಗದ್ದೆಗಳು. ಅದರಲ್ಲಿ ಪೇಣ್ ಕಡೆಯ 22 ಹಳ್ಳಿ ಹೇಟವಣೆ ಅಣೆಕಟ್ಟಿನ ಅಚ್ಚುಕಟ್ಟಿಗೆ ಸೇರಿದ್ದವು. ನೀರಾವರಿಗೆ ಅಂತ ಅಣೆಕಟ್ಟು ಕಟ್ಟಿ, ಗದ್ದೆಯನ್ನೇ ತಗೊಂಡ್ರೆ ನೀರು ಯಾರಿಗೆ? ರೈತರು ಈ ಒಂದು ಪ್ರಶ್ನೆ ಬಿಡಲಿಲ್ಲ. 2008ರ ಸೆಪ್ಟೆಂಬರಿನಲ್ಲಿ ಸರ್ಕಾರವೇ ಆ 22 ಹಳ್ಳಿಯಲ್ಲಿ ಮತ ಹಾಕಿಸ್ತು. ಹೆಚ್ಚಿನವರು ಬೇಡ ಅಂದ್ರು. ಕೊನೆಗೆ ಆ ಸೆಜ್ ಬಿದ್ದೇ ಹೋಯ್ತು. ಆ ರೈತರ ಜೊತೆ ನಿಂತವರಲ್ಲಿ ರಾಮದಾಸ್ ದಂಪತಿನೂ ಇದ್ರು.

ಪಾಕಿಸ್ತಾನದ ಜೊತೆ ಶಾಂತಿ ಬೇಕು ಅಂತ ಓಡಾಡಿದ್ದಕ್ಕೆ 2004ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿನೂ ಬಂತು, ಅಲ್ಲಿನ ಐ.ಎ. ರೆಹಮಾನ್ ಜೊತೆ ಸೇರಿಸಿ. ನಂಗೆ ಮೊದಲು ಅದು ಸರಿ ಕಂಡಿರ್ಲಿಲ್ಲ. ಆದ್ರೆ ಯುದ್ಧ ಮಾಡಿ ಬಂದವರು ಬೇಡ ಅಂದಾಗ, ಟಿವಿ ನೋಡ್ಕೊಂಡು ಕೂತ ನಾವು ಬೇಕು ಅನ್ನೋದು ಹೇಗೆ?

ನಮ್ಮ ಕಾರವಾರ-ಅಂಕೋಲಾದವರು ಒಂದು ಮಾತು ಕೇಳೇ ಕೇಳ್ತಾರೆ. ಸೀಬರ್ಡಿಗೆ 1986ರಲ್ಲಿ ಕಲ್ಲು ಹಾಕಿದ್ದು, ಕದಂಬ ನೆಲೆ ಶುರುವಾಗಿದ್ದು 2005ರಲ್ಲಿ. ನಡುವಿನ ಮೂರು ವರ್ಷ ಪಡೆಯ ಮುಖ್ಯಸ್ಥರು ಇದೇ ರಾಮದಾಸ್. ನೆಲ ಬಿಟ್ಟವರ ಸಿಟ್ಟು ಸುಳ್ಳಲ್ಲ, ಅದನ್ನ ಮುಚ್ಚಿಟ್ಟು ಅವರನ್ನ ಹೊಗಳೋದು ನಂಗೆ ಬೇಡ. ಆದ್ರೆ ಅಷ್ಟು ದೊಡ್ಡ ಕುರ್ಚಿಯಿಂದ ಇಳಿದವರು ಕೊನೆಗೆ ನೋಟೀಸು ಬಂದವರ ಪಕ್ಕ ಬಂದು ಕೂತ್ರಲ್ಲ, ಅಂಥವರು ಎಷ್ಟು ಜನ ಇದ್ದಾರೆ?

ನಮ್ಮ ಕಡೆ ನೌಕಾಪಡೆಯಿಂದ, ಸೈನ್ಯದಿಂದ ನಿವೃತ್ತರಾಗಿ ಬಂದವರು ಊರಿಗೆ ಇಬ್ಬರು ಮೂವರಾದ್ರೂ ಇರ್ತಾರೆ. ಇಂಗ್ಲಿಷಿನ ಆದೇಶ ಓದೋಕೆ ಬರ್ತದೆ, ಆಫೀಸರ್ ಎದುರು ಹೆದರಿಕೆ ಇಲ್ಲ. ನಾವು ಅವರನ್ನ ಆಗಸ್ಟ್ 15ಕ್ಕೆ ಕರೆದು ಶಾಲು ಹೊದಿಸಿ, ಮನೆಗೆ ಕಳಿಸಿಬಿಡ್ತೀವಿ. ತಪ್ಪು ನಮ್ಮದೇ. ಮುಂದಿನ ಗ್ರಾಮಸಭೆಗೆ ನಮ್ಮ ಕೇರಿಯವರನ್ನ ನಾನೇ ಬೈಕ್ ಮೇಲೆ ಕರ್ಕೊಂಡು ಬರ್ತೇನೆ, ಕಾಲುವೆ ಹೂಳಿನ ಅರ್ಜಿ ಅವರ ಕೈಲೇ ಬರೆಸೋಣ. ನಿಮ್ಮ ಕೇರಿಯವರನ್ನ ನೀವು ಕರ್ಕೊಂಡು ಬನ್ನಿ, ಚಹಾ ನನ್ನದು.