ಕೋವಿಯ ಹಣೆಬರಹ

ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿಯಿತೆಂದು ನಾವು ಪಾಠದಲ್ಲಿ ಓದುತ್ತೇವೆ. ಆದರೆ ರಷ್ಯದ ವೋಲ್ಖೋವ್ ನದಿಯ ಜೌಗು ಕಾಡುಗಳಲ್ಲಿ, ರ್ಝೇವ್ ನಗರದ ಸುತ್ತಿನ ಹೊಲಗಳಲ್ಲಿ, ಅಂದಿನ ಸ್ಟಾಲಿನ್‌ಗ್ರಾಡಿನ ಬಯಲಿನಲ್ಲಿ ಮಣ್ಣನ್ನು ಅಗೆದರೆ ತುಕ್ಕು ಹಿಡಿದ ಜರ್ಮನ್ ಕೋವಿಗಳು ಇಂದಿಗೂ ಮೇಲೆ ಬರುತ್ತವೆ. ಎಷ್ಟೋ ವೇಳೆ ಅವುಗಳ ಪಕ್ಕದಲ್ಲಿ ಮನುಷ್ಯರ ಎಲುಬುಗಳೂ ಇರುತ್ತವೆ. ಇಂಥ ಕೋವಿಯ ಗುರುತು ಹಿಡಿಯುವುದು ಹೇಗೆ? ಹಿಡಿದ ಗುರುತು ಯಾರಿಗೆ ಸಲ್ಲಬೇಕು? ಈ ಎರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸೋಣ.

ಮೊದಲು ಆಕಾರವನ್ನು ನೋಡಬೇಕು. ಮರವು ಕೊಳೆತುಹೋಗಿ ಉಕ್ಕು ಮಾತ್ರ ಉಳಿದಿದ್ದರೂ ಅಳತೆಯಿಂದ ಬಹಳ ವಿಷಯ ತಿಳಿಯುತ್ತದೆ. 1898ರ ಮೌಸರ್ ಮಾದರಿಯ ಉದ್ದ ಕೋವಿಯ ನಳಿಗೆ 74 ಸೆಂಟಿಮೀಟರು; 1935ರಲ್ಲಿ ಜರ್ಮನ್ ಸೇನೆಯು ಸ್ವೀಕರಿಸಿದ ಗಿಡ್ಡ ಕೋವಿಯದು 60 ಸೆಂಟಿಮೀಟರು. ಮೊದಲನೆಯದರ ಬೋಲ್ಟಿನ ಹಿಡಿ ಪಕ್ಕಕ್ಕೆ ನೆಟ್ಟಗೆ ಚಾಚಿರುತ್ತದೆ, ಎರಡನೆಯದರದು ಕೆಳಕ್ಕೆ ಬಾಗಿರುತ್ತದೆ. ಆದರೆ ಆಕಾರವೊಂದನ್ನೇ ನಂಬುವಂತಿಲ್ಲ. ಚೆಕೊಸ್ಲೊವಾಕಿಯದ 1924ರ ಕೋವಿಯೂ ಮೌಸರ್ ವಂಶದ್ದೇ. ಆ ದೇಶವನ್ನು ಆಕ್ರಮಿಸಿದ ಮೇಲೆ ಜರ್ಮನರು ಅದನ್ನೂ ಬಳಸಿಕೊಂಡರು.

ಆದುದರಿಂದ ಕೋವಿಯ ಹಣೆಬರಹವನ್ನೇ ಓದಬೇಕಾಗುತ್ತದೆ. ನಳಿಗೆಯು ಬಂದು ಕೂಡುವ ಉಕ್ಕಿನ ಬಳೆಯ ನೆತ್ತಿಯ ಮೇಲೆ ಕಾರ್ಖಾನೆಯ ಸಂಕೇತವನ್ನೂ ತಯಾರಾದ ವರ್ಷವನ್ನೂ ಒತ್ತಿರುತ್ತಾರೆ. ಓಬರ್ನ್‌ಡೋರ್ಫ್ ಊರಿನ ಮೌಸರ್ ಕಾರ್ಖಾನೆಯ ಸಂಕೇತ ಮೊದಲು ‘ಎಸ್ 42’ ಎಂದಿದ್ದು, 1941ರಲ್ಲಿ ‘ಬಿ ವೈ ಎಫ್’ ಎಂದಾಯಿತು. 1934, 1935ರಲ್ಲಿ ವರ್ಷವನ್ನೂ ಮರೆಮಾಡಿ ‘ಕೆ’, ‘ಜಿ’ ಎಂಬ ಅಕ್ಷರಗಳನ್ನು ಹಾಕಿದರು. ಎಡಮಗ್ಗುಲಲ್ಲಿ ಕ್ರಮಸಂಖ್ಯೆ ಇರುತ್ತದೆ. ನಾಲ್ಕು ಅಂಕಿಗಳ ಎಣಿಕೆ ಮುಗಿದೊಡನೆ ಒಂದು ಅಕ್ಷರವನ್ನು ಸೇರಿಸಿ ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಸಂಕೇತ, ವರ್ಷ, ಸಂಖ್ಯೆ, ಅಕ್ಷರ ಇವು ನಾಲ್ಕೂ ಕೂಡಿದರೆ ಮಾತ್ರ ಇಂಥದೇ ಕೋವಿ ಎಂದು ಹೇಳಬಹುದು. ಆತುರದಿಂದ ಅರ ಹಿಡಿದು ತುಕ್ಕು ತೆಗೆಯುವವನು ತುಕ್ಕಿನೊಂದಿಗೆ ಚರಿತ್ರೆಯನ್ನೂ ಉಜ್ಜಿಹಾಕುತ್ತಾನೆ.

ಈ ಸಂಕೇತಗಳು ಕೇವಲ ಕುತೂಹಲದ ವಸ್ತುಗಳಲ್ಲ. ‘ಬಿ ಸಿ ಡಿ’ ಎಂಬುದು ವೈಮಾರಿನ ಗುಸ್ಟ್ಲೋಫ್ ಕಾರ್ಖಾನೆಯ ಗುರುತು. ಆ ಸಂಸ್ಥೆಯು ಯುದ್ಧಕಾಲದಲ್ಲಿ ಬೂಖೆನ್‌ವಾಲ್ಡ್ ಸೆರೆಶಿಬಿರದ ಬಂದಿಗಳಿಂದ ಕೋವಿಯ ಕೆಲಸ ಮಾಡಿಸಿತು. ಮೂರಕ್ಷರಗಳ ಹಿಂದೆ ಎಷ್ಟು ಜನರ ಕಣ್ಣೀರಿದೆಯೆಂಬುದನ್ನು ವಾಚಕರೇ ಊಹಿಸಲಿ.

ಈ ಕೋವಿಗಳನ್ನು ಹುಡುಕುವವರೆಲ್ಲರೂ ಚರಿತ್ರೆಗಾಗಿ ಹುಡುಕುವುದಿಲ್ಲ. ರಾತ್ರಿಯ ಹೊತ್ತು ಅಪ್ಪಣೆಯಿಲ್ಲದೆ ಅಗೆದು, ಕೋವಿಯನ್ನೆತ್ತಿ ಎಲುಬನ್ನು ಬಿಸುಟು ಹೋಗುವವರಿದ್ದಾರೆ. ಸಂಗ್ರಾಹಕರ ಶ್ರಮದಿಂದಲೇ ಸಂಕೇತಗಳ ತಿಳಿವಳಿಕೆ ಬೆಳೆದಿದೆಯೆಂಬ ಮಾತು ನಿಜ. ಆದರೆ ಕೋವಿಯು ಯಾರದೆಂಬುದನ್ನು ಕೋವಿಯೊಂದೇ ಹೇಳಲಾರದು. ಜರ್ಮನ್ ಸೈನಿಕನ ಕೋವಿಯ ಸಂಖ್ಯೆಯನ್ನು ಅವನ ವೇತನ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಕಾಗದ ಮಣ್ಣಿನಲ್ಲಿ ಉಳಿಯುವುದು ಅಪರೂಪ. ಸೋವಿಯೆತ್ ಸೈನಿಕರು ಶತ್ರುಗಳಿಂದ ಕಸಿದ ಕೋವಿಯನ್ನು ಹಿಡಿದು ಹೋರಾಡಿದ್ದೂ ಉಂಟು. ಹಾಗಾದರೆ ಜರ್ಮನ್ ಕೋವಿಯ ಬಳಿ ಮಲಗಿದವನು ಜರ್ಮನನೇ ಎಂದು ಹೇಳುವುದು ಹೇಗೆ? ಜರ್ಮನನ ಲೋಹದ ಗುರುತುಬಿಲ್ಲೆಯೋ, ಸೋವಿಯೆತ್ ಸೈನಿಕನ ಹೆಸರಿನ ಚೀಟಿಯಿದ್ದ ಸಣ್ಣ ಎಬೊನೈಟ್ ಡಬ್ಬಿಯೋ ಪಕ್ಕದಲ್ಲಿ ಸಿಕ್ಕರೆ ಮಾತ್ರ ಉತ್ತರ ದೊರೆಯುತ್ತದೆ. ಕೋವಿಯನ್ನು ಅಲ್ಲಿಂದ ಕದ್ದೊಯ್ದವನು ಈ ಸಂಬಂಧವನ್ನೇ ಕಡಿದುಹಾಕುತ್ತಾನೆ. ಗುಂಡು ಇನ್ನೂ ಒಳಗಿರಬಹುದೆಂಬ ಪ್ರಾಣಭಯ ಬೇರೆ!

ನಮ್ಮ ನಾಡಿನಲ್ಲಿ ಕಾದಾಡಿ ಮಡಿದವನಿಗೆ ವೀರಗಲ್ಲು ನಿಲ್ಲಿಸುತ್ತಿದ್ದರು. ಆ ಕಲ್ಲನ್ನು ಕಿತ್ತು ಯಾರದೋ ಮನೆಯ ಅಂಗಳದಲ್ಲಿಟ್ಟರೆ ಶಿಲ್ಪ ಉಳಿದೀತು, ಊರಿನ ನೆನಪು ಉಳಿಯದು. ರಣರಂಗದ ಕೋವಿಗೂ ಈ ಮಾತು ಸಲ್ಲುತ್ತದೆ. 1919ರಲ್ಲಿ ಸ್ಥಾಪಿತವಾದ ಜರ್ಮನ್ ಯುದ್ಧಸಮಾಧಿ ಸಂಘವೂ ರಷ್ಯದ ಸ್ವಯಂಸೇವಕ ಶೋಧಕರೂ ಮೃತರನ್ನು ಹೆಸರಿಡಿದು ಮಣ್ಣು ಮಾಡಲು ಇಂದಿಗೂ ದುಡಿಯುತ್ತಿದ್ದಾರೆ. ಕೋವಿಯ ಗುರುತು ಮೊದಲು ಅವರ ಕೈ ಸೇರಲಿ. ಸಿಕ್ಕಿದ ಸ್ಥಳವನ್ನು ಗುರುತು ಹಾಕಿ, ಪಕ್ಕದಲ್ಲಿದ್ದುದೆಲ್ಲವನ್ನೂ ಬರೆದುಕೊಂಡು, ಆಮೇಲೆ ಕೋವಿಯನ್ನೆತ್ತಲಿ. ಮಗನ ದಾರಿ ಕಾಯುತ್ತಲೇ ಕಣ್ಮುಚ್ಚಿದ ತಾಯಂದಿರು ಎರಡು ಪಕ್ಷಗಳಲ್ಲಿಯೂ ಇದ್ದರು. ಅವರ ಮೊಮ್ಮಕ್ಕಳಿಗಾದರೂ ಒಂದು ಹೆಸರು, ಒಂದು ಸಮಾಧಿ ದೊರೆಯುವುದು ನ್ಯಾಯವಲ್ಲವೇ?