ಬೇಲಿಯಾಚೆಯ ಋಣ

ಕನ್ನಡದಲ್ಲಿ ಎಂ.ಎ. ಮಾಡಿದವನಿಂದ ಬಂಧುವರ್ಗಕ್ಕೆ ಒಂದು ಉಪಯೋಗವುಂಟು. ಲಗ್ನಪತ್ರಿಕೆಯ ಒಕ್ಕಣೆ, ಗೃಹಪ್ರವೇಶದ ಆಹ್ವಾನ, ನಿವೃತ್ತರಾದವರಿಗೆ ಅರ್ಪಿಸುವ ಬಿನ್ನವತ್ತಳೆ ಇವೆಲ್ಲವೂ ತಪ್ಪದೆ ಅವನ ಪಾಲಿಗೆ ಬರುತ್ತವೆ. ಕಳೆದ ಬೇಸಗೆಯ ರಜೆಯಲ್ಲಿ ಶಿರಾ ತಾಲ್ಲೂಕಿನ ನಮ್ಮ ಹಳ್ಳಿಗೆ ಹೋಗಿದ್ದಾಗ ಚಿಕ್ಕಪ್ಪ ಊಟವಾದೊಡನೆಯೇ ನನ್ನ ಮುಂದೆ ಬಿಳಿಯ ಹಾಳೆಯನ್ನಿಟ್ಟು, “ಒಂದು ಅರ್ಜಿ ಬರೆದುಕೊಡಪ್ಪ. ಓದಿದ ಸಾಹೇಬರಿಗೆ ಇಲ್ಲವೆನ್ನಲು ಬಾಯಿ ಬರಬಾರದು, ಹಾಗಿರಲಿ” ಎಂದರು.

ಸಂಗತಿ ಇಷ್ಟು. ನಮ್ಮ ಹೊಲದ ಪಡುವಣಕ್ಕೆ ಊರಿನ ಗೋಮಾಳವಿದೆ. ಅದರ ಎರಡು ಎಕರೆಯನ್ನು ಚಿಕ್ಕಪ್ಪ ಬಹುಕಾಲದಿಂದ ಉಳುತ್ತ ಬಂದಿದ್ದಾರೆ. ಬಗರ್‌ಹುಕುಂ ಸಾಗುವಳಿಯನ್ನು ಸಕ್ರಮಗೊಳಿಸುವುದಕ್ಕೆ 1991ರಲ್ಲಿ ನಮೂನೆ 50 ಬಂದಿತು, ಆಮೇಲೆ ನಮೂನೆ 53 ಬಂದಿತು. ಆಗೆಲ್ಲ ನಮ್ಮವರು ಸುಮ್ಮನಿದ್ದರು. 2018ರಲ್ಲಿ ನಮೂನೆ 57 ಬಂದಾಗ ಚಿಕ್ಕಪ್ಪ ಅರ್ಜಿ ಹಾಕಿದರು. ಅದಕ್ಕೆ ಈಗ ಬಲವಾದ ಒಂದು ಮನವಿಯನ್ನು ಲಗತ್ತಿಸಬೇಕು.

“ಮೊದಲು ಹೀಗೆ ಬರೆ: ಸದರಿ ಜಮೀನು ಕಲ್ಲುಮುಳ್ಳುಗಳಿಂದ ಕೂಡಿ, ಯಾರಿಗೂ ಉಪಯೋಗವಿಲ್ಲದೆ ಬೀಳು ಬಿದ್ದಿತ್ತು.”

‘ಕೂಡಿ’ ಎಂಬುವವರೆಗೆ ಬರೆದೆ. ಅಲ್ಲಿಂದ ಮುಂದಕ್ಕೆ ಲೇಖನಿ ಹೋಗಲಿಲ್ಲ.

ಕಲ್ಲುಮುಳ್ಳುಗಳಿದ್ದುದು ನಿಜ. ಅವುಗಳ ಗುರುತು ಇಂದಿಗೂ ನನ್ನ ಅಂಗಾಲಿನಲ್ಲಿದೆ. ನನ್ನ ಬಾಲ್ಯದ ಬೇಸಗೆಗಳೆಲ್ಲ ಕಳೆದದ್ದು ಆ ನೆಲದ ಮೇಲೆ. ಅಜ್ಜನ ತೋಟ ಬೇಲಿಯ ಒಳಗಿತ್ತು. ಅಲ್ಲಿ ತೆಂಗಿತ್ತು, ಬಾವಿಯಿತ್ತು, ಎರಡು ಮಾವಿನ ಮರಗಳಿದ್ದುವು. ಅವುಗಳ ಜೊತೆಗೆ ಕೀಳಬೇಡ, ತುಳಿಯಬೇಡ, ಬಾವಿಯ ಹತ್ತಿರ ಹೋಗಬೇಡ ಎಂಬ ಮಾತುಗಳೂ ಹೇರಳವಾಗಿದ್ದುವು. ಕತ್ತಾಳೆಯ ಬೇಲಿಯಲ್ಲಿ ಮೇಕೆಗಳು ನುಸುಳಿ ನುಸುಳಿ ಒಂದು ಕಂಡಿಯಾಗಿತ್ತು. ಅದನ್ನು ದಾಟಿದರೆ ‘ಬೇಡ’ ಎನ್ನುವವರೇ ಇಲ್ಲ. ಹೊತ್ತು ಗುಡ್ಡದ ನೆತ್ತಿಯನ್ನು ಮುಟ್ಟುವುದರೊಳಗೆ ಮನೆ ಸೇರಬೇಕು ಎಂಬುದೊಂದೇ ಅಜ್ಜನ ಕಟ್ಟಳೆ.

ಆ ಬಯಲಿನಲ್ಲಿ ಏನಿತ್ತು? ಪಟ್ಟಣದ ಮಿತ್ರರೊಬ್ಬರನ್ನು ಒಮ್ಮೆ ಅಲ್ಲಿಗೆ ಕರೆದೊಯ್ದಾಗ ಅವರು ಸುತ್ತಲೂ ನೋಡಿ, “ಎಲ್ಲಿ?” ಎಂದು ಕೇಳಿದರು. ಅವರ ತಪ್ಪಲ್ಲ. ಮಲೆನಾಡಿನ ಕಾಡಿನಂತೆ ಬಯಲುಸೀಮೆಯ ನೆಲ ಬಂದವರಿಗೆಲ್ಲ ತನ್ನ ಸಿರಿಯನ್ನು ಹರವಿ ತೋರಿಸುವುದಿಲ್ಲ, ಬಗ್ಗಿ ನೋಡಬೇಕು. ಕಾರೆಯ ಗಿಡದ ಮುಳ್ಳಿಗೆ ಕೈ ಕೊಟ್ಟು ಹಣ್ಣು ಕೀಳುವ ಹದವನ್ನು ನಾನು ಕಲಿತದ್ದು ಅಲ್ಲಿ. ಬಂದರೆಯ ಎಲೆಯನ್ನು ಉಜ್ಜಿದರೆ ಬರುವ ವಾಸನೆ, ತಂಗಡಿಯ ಹಳದಿ ಹೂ, ಮೊದಲ ದೊಡ್ಡ ಮಳೆಯ ಮರುದಿನ ನೆಲದಿಂದೆದ್ದು ಬರುವ ಕೆಂಪು ಮಕಮಲ್ಲಿನಂಥ ಪುಟ್ಟ ಹುಳುಗಳು, ಕಾಲಬುಡದಿಂದಲೇ ಬುರ್ರೆಂದು ಹಾರಿ ಎದೆಯನ್ನು ನಡುಗಿಸುವ ಕೌಜುಗ! ಮೇಕೆ ಮೇಯಿಸಲು ಬರುತ್ತಿದ್ದ ಹುಡುಗನೊಬ್ಬ ಇವಕ್ಕೆಲ್ಲ ನನ್ನ ಗುರು. ಅವನಿಗೆ ಒಂದು ಅಂಗೈ ಭೂಮಿಯೂ ಇರಲಿಲ್ಲ. ಆ ಬಯಲಿನಲ್ಲಿ ಮಾತ್ರ ಅವನೇ ಯಜಮಾನ, ನಾನು ಹಿಂಬಾಲಕ. ಅವನ ತಾಯಿ ಅಲ್ಲಿಂದಲೇ ಸೌದೆ ತರುತ್ತಿದ್ದಳು. ಪೊರಕೆಗೆ ಕಡ್ಡಿ ಕೊಯ್ದು ಕಟ್ಟಿ ಸಂತೆಗೆ ಒಯ್ಯುತ್ತಿದ್ದಳು.

ಒಂದು ಮಧ್ಯಾಹ್ನ ಟಿಟ್ಟಿಭದ ಜೋಡಿಯೊಂದು ನಮ್ಮ ತಲೆಯ ಮೇಲೆ ಸುತ್ತಿ ಸುತ್ತಿ ಕಿರುಚತೊಡಗಿತು. ನನಗೆ ಅದು ಆಟವಾಗಿ ಕಂಡಿತು. ಹಕ್ಕಿ ಕೂಗಿದಷ್ಟೂ ಆ ಕಡೆಗೇ ಓಡಿದೆ. ಕಾಲಿನಡಿ ಏನೋ ಒಡೆದಂತಾಯಿತು. ಆ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿಯ ನೆಲದ ಮೇಲೆ, ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ಮೊಟ್ಟೆಗಳನ್ನಿಡುತ್ತದೆ. ನಾಲ್ಕರಲ್ಲಿ ಎರಡು ಹೋಗಿದ್ದುವು. ಆ ಹುಡುಗ ನನ್ನೊಡನೆ ಎರಡು ದಿನ ಮಾತನಾಡಲಿಲ್ಲ. ಅಜ್ಜನಿಗೆ ಹೇಳಿದಾಗ ಅವರು ಗದರಲೂ ಇಲ್ಲ, ಸಮಾಧಾನ ಹೇಳಲೂ ಇಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಕರೆದೊಯ್ದು, ಉಳಿದೆರಡು ಮೊಟ್ಟೆಗಳಿಂದ ದೂರದಲ್ಲಿ ಕುಳಿತು, ತಾಯಿಹಕ್ಕಿ ಮರಳಿ ಬಂದು ಕೂರುವವರೆಗೂ ಎದ್ದೇಳಲು ಬಿಡಲಿಲ್ಲ. ಬಿಸಿಲೇರಿತು, ನನಗೆ ಹಸಿವಾಯಿತು. ಅಜ್ಜ ಎಲೆಯಡಿಕೆ ಹಾಕಿಕೊಂಡು ಸುಮ್ಮನೆ ಕುಳಿತೇ ಇದ್ದರು. ಕಾಲೇಜಿನಲ್ಲಿ ನಾನು ಎಷ್ಟೋ ಗಂಟೆಗಳ ಪಾಠ ಮಾಡಿದ್ದೇನೆ. ಅಂಥ ಒಂದು ಪಾಠವನ್ನು ಮಾಡಿದೆನೆಂದು ಹೇಳಿಕೊಳ್ಳಲಾರೆ.

ಇಂಥ ನೆಲಕ್ಕೆ ಕಂದಾಯದ ಲೆಕ್ಕದಲ್ಲಿ ಒಳ್ಳೆಯ ಹೆಸರಿಲ್ಲ. ಸಾಗುವಳಿಗೆ ಬಾರದ ನೆಲವೆಲ್ಲ ‘ಖರಾಬು’. ಎಲ್ಲಿಂದಲೋ ಬಂದ ಮಾತು. ಕೆಟ್ಟದ್ದು, ಹಾಳಾದದ್ದು ಎಂದರ್ಥ. ಹಿಂದಿನವರ ದೃಷ್ಟಿ ಬೇರೆಯಿತ್ತು. ಮೈಸೂರಿನ ಚಿಕ್ಕದೇವರಾಜ ಒಡೆಯರು ದನಕರುಗಳಿಗಾಗಿಯೇ ‘ಬೆಣ್ಣೆ ಚಾವಡಿ’ಯೆಂಬ ಇಲಾಖೆಯನ್ನಿಟ್ಟರು, ಟಿಪ್ಪುವಿನ ಕಾಲದಲ್ಲಿ ಅದು ‘ಅಮೃತಮಹಲ್’ ಆಯಿತು. ಸೈನ್ಯದ ಭಾರವನ್ನೆಳೆದ ಎತ್ತುಗಳು ಮೇದು ಬೆಳೆದದ್ದು ಇಂಥ ಕಾವಲುಗಳಲ್ಲಿ. 1966ರ ಭೂಕಂದಾಯ ನಿಯಮಗಳು ಕೂಡ ಪ್ರತಿ 100 ದನಗಳಿಗೆ 30 ಎಕರೆಯಂತೆ ಗೋಮಾಳವಿರಬೇಕೆಂದು ವಿಧಿಸಿದುವು. ನ್ಯಾಯವಾದ ಲೆಕ್ಕವೇ. ಆದರೆ ಟ್ರ್ಯಾಕ್ಟರು ಬಂದು ಎತ್ತುಗಳು ಹೋದುವು. ಸೀಮೆಹಸು ಕೊಟ್ಟಿಗೆಯಲ್ಲಿಯೇ ನಿಂತು ಮೇಯುತ್ತದೆ. ದನ ಕಡಿಮೆಯಾದರೆ ಗೋಮಾಳ ‘ಹೆಚ್ಚುವರಿ’ಯಾಗುತ್ತದೆ. ಕೌಜುಗ, ಟಿಟ್ಟಿಭಗಳನ್ನೂ ಬರಿಗಾಲಿನ ಹುಡುಗರನ್ನೂ ಎಣಿಸುವ ಕಲಮು ಆ ನಿಯಮದಲ್ಲಿಲ್ಲ.

ಇದನ್ನೆಲ್ಲ ಚಿಕ್ಕಪ್ಪನಿಗೆ ಹೇಳಿದೆ. ಹೇಳಬಾರದಿತ್ತೋ ಏನೋ. ಅವರು ಸಾವಧಾನವಾಗಿ ಕೇಳಿ, “ನೀನು ಸಂಬಳದವನು, ಕಣಪ್ಪ” ಎಂದರು. ಮಾತಿನಲ್ಲಿ ಕೊಂಕಿರಲಿಲ್ಲ. “ಅಪ್ಪ ಬಿಟ್ಟುಹೋದ ಹೊಲ ಪಾಲಾಗಿ ನನಗೆ ಬಂದದ್ದೆಷ್ಟು, ನಿನಗೆ ಗೊತ್ತು. ಕಡಲೆಕಾಯಿಗೆ ಮಳೆಯಿಲ್ಲ, ಬಾವಿ ಬತ್ತಿತು. ನಾನು ಬಿಟ್ಟರೆ ಆ ಎರಡು ಎಕರೆ ಹಕ್ಕಿಗೆ ಉಳಿಯುತ್ತದೆಯೇ? ನಾಳೆಯೇ ಇನ್ನೊಬ್ಬ ಕಲ್ಲುಕಂಬ ನೆಡುತ್ತಾನೆ.”

ಉತ್ತರ ಹೊಳೆಯಲಿಲ್ಲ. ನನ್ನ ತಂದೆಯ ಓದಿಗೆ ದುಡ್ಡು ಹೊಂದಿಸಲು ಓದು ಬಿಟ್ಟು ನೇಗಿಲು ಹಿಡಿದವರು ಈ ಚಿಕ್ಕಪ್ಪ. ನಾನು ಪಟ್ಟಣದಲ್ಲಿ ಕುಳಿತು ಬಯಲನ್ನು ನೆನೆದು ಧನ್ಯನಾಗುವುದಕ್ಕೂ ಅವರ ದುಡಿಮೆಯೇ ಕಾರಣ. ಎರಡು ಋಣಗಳು ಎದುರುಬದುರಾಗಿ ನಿಂತರೆ ಯಾವುದನ್ನು ಮೊದಲು ತೀರಿಸಬೇಕೆಂಬುದಕ್ಕೆ ನಾನು ಓದಿದ ಯಾವ ಗ್ರಂಥದಲ್ಲಿಯೂ ಸೂತ್ರ ಸಿಗಲಿಲ್ಲ.

ಅರ್ಜಿಯನ್ನು ಬರೆದೆ. ಸಾಗುವಳಿಯ ವಿವರ, ಕುಟುಂಬದ ಸ್ಥಿತಿ, ಹಿಡುವಳಿಯ ಅಳತೆ ಎಲ್ಲವನ್ನೂ ಇದ್ದುದು ಇದ್ದಂತೆ ಬರೆದೆ. ಚಿಕ್ಕಪ್ಪ ಕನ್ನಡಕವನ್ನೇರಿಸಿ ಎರಡು ಸಲ ಓದಿದರು.

“ಉಪಯೋಗವಿಲ್ಲದೆ ಬೀಳು ಬಿದ್ದಿತ್ತು ಎಂಬುದು ಬಿಟ್ಟುಹೋಗಿದೆಯಲ್ಲ?”

“ಅದೊಂದನ್ನು ನನ್ನ ಕೈಯಲ್ಲಿ ಬರೆಸಬೇಡಿ, ಚಿಕ್ಕಪ್ಪ.”

ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, “ನಡಿ, ಹೊಲಕ್ಕೆ ಹೋಗಿಬರೋಣ. ಮಗುವನ್ನೂ ಕರೆದುಕೊ” ಎಂದರು.

ಎರಡು ಎಕರೆಯನ್ನು ಉತ್ತು ಹದಮಾಡಿದ್ದರು. ಆಚೆಗೆ ಬೇರೆಯವರ ಕಲ್ಲುಕಂಬಗಳು, ಅವುಗಳ ನಡುವೆ ಒಂದಿಷ್ಟು ಬಯಲು ಇನ್ನೂ ಉಳಿದಿತ್ತು. ನನ್ನ ಆರು ವರ್ಷದ ಮಗಳು ನೇಗಿಲ ಸಾಲುಗಳ ಮೇಲೆ ಓಡಹೊರಟಳು. ಚಿಕ್ಕಪ್ಪ ಥಟ್ಟನೆ ಅವಳ ತೋಳು ಹಿಡಿದು ನಿಲ್ಲಿಸಿದರು. ಉತ್ತ ನೆಲದ ನಡುವೆ, ಒಂದು ಮೊರದಗಲದಷ್ಟು ಜಾಗ ಮಾತ್ರ ಉಳದೆ ಬಿಟ್ಟಿತ್ತು. ಅದರ ಸುತ್ತ ನಾಲ್ಕು ಕಡ್ಡಿಗಳನ್ನು ನೆಟ್ಟಿದ್ದರು. ತಲೆಯ ಮೇಲೆ ಟಿಟ್ಟಿಭ ಕಿರುಚತೊಡಗಿತು.

“ಮೂರು ಇವೆ” ಎಂದರು ಚಿಕ್ಕಪ್ಪ. “ಇಲ್ಲೇ ಕೂತುಕೊಳ್ಳಿ. ಅದು ಬಂದು ಕೂರುತ್ತದೆ.”